ಹಿಮನದಿ ಎಲ್ಲಿ ಮುಗಿಯುತ್ತೆ? ಒಂದು ಅಂಚಿನ ಲೆಕ್ಕ

ಇವತ್ತು ಸ್ವಲ್ಪ ಲೆಕ್ಕ ಇದೆ, ಆದ್ರೆ ಹೆದರಬೇಡಿ. ನಾನು ಓದಿದ್ದು ಬಿ.ಕಾಂ. ನನಗೆ ಅರ್ಥ ಆಗೋ ಲೆಕ್ಕ ನಿಮಗೂ ಖಂಡಿತ ಅರ್ಥ ಆಗುತ್ತೆ. ಫೋನಲ್ಲಿ ಕ್ಯಾಲ್ಕುಲೇಟರ್ ಇದ್ರೆ ಸಾಕು.

'ಹಿಮಾಲಯದ ಇಂಥ ಹಿಮನದಿ ಇಷ್ಟು ಮೀಟರ್ ಹಿಂದೆ ಸರಿದಿದೆ' ಅನ್ನೋ ಸುದ್ದಿ ನಾವೆಲ್ಲ ನೋಡಿರ್ತೀವಿ. ಒಂದು ಕ್ಷಣ ಬೇಜಾರಾಗುತ್ತೆ, ಆಮೇಲೆ ಮುಂದಿನ ರೀಲ್‌ಗೆ ಹೋಗ್ತೀವಿ. ಆದ್ರೆ ಆ ಅಂಚು ಅಂದ್ರೆ ಏನು? ಹಿಮನದಿ ಅಲ್ಲೇ ಯಾಕೆ ಮುಗಿಯುತ್ತೆ, ಇನ್ನೂ ಅರ್ಧ ಕಿಲೋಮೀಟರ್ ಮುಂದೆ ಯಾಕೆ ಹೋಗಲ್ಲ? ಅದರ ಮುಖ ಅಷ್ಟು ಕಡಿದಾಗಿ, ಒಳಭಾಗ ಮಾತ್ರ ಮೈದಾನದ ಹಾಗೆ ಚಪ್ಪಟೆಯಾಗಿ ಯಾಕೆ ಇರುತ್ತೆ? ಇದಕ್ಕೆ ಗಣಿತದಲ್ಲಿ ಚೆಂದದ ಉತ್ತರ ಇದೆ. ಆ ಉತ್ತರ ಗೊತ್ತಿದ್ರೆ ಸುದ್ದಿಯಲ್ಲಿ ಬರೋ ಸಂಖ್ಯೆಯನ್ನ ಬೇರೆ ಥರ ಓದೋಕೆ ಆಗುತ್ತೆ.

ಮುದ್ದೆನೂ ಅಲ್ಲ, ಗಂಜಿನೂ ಅಲ್ಲ

ತಟ್ಟೆಗೆ ಗಂಜಿ ಹಾಕಿದ್ರೆ ಏನಾಗುತ್ತೆ? ಅಂಚಿನ ತನಕ ಹರಡಿಕೊಳ್ಳುತ್ತೆ. ರಾಗಿ ಮುದ್ದೆ ಇಟ್ರೆ? ಗುಂಡಗೆ ಕೂತೇ ಇರುತ್ತೆ, ಒತ್ತಿದ್ರೆ ಮಾತ್ರ ಆಕಾರ ಬದಲಾಗುತ್ತೆ. ಹಿಮನದಿಯ ಮಂಜುಗಡ್ಡೆ ಈ ಎರಡರ ನಡುವಿನದು. ಸುತ್ತಿಗೇಲಿ ಹೊಡೆದ್ರೆ ಗಾಜಿನ ಥರ ಒಡೆಯುತ್ತೆ. ಆದ್ರೆ ನೂರಾರು ಮೀಟರ್ ದಪ್ಪ ಪೇರಿಸಿ ಇಳಿಜಾರಿನಲ್ಲಿ ಇಟ್ರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಹರಿಯುತ್ತೆ. ಅದಕ್ಕೇ ಅದು 'ನದಿ'.

1951ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಜಾನ್ ನೈ ಒಂದು ಸರಳ ಊಹೆ ಇಟ್ಟರು. ಮಂಜುಗಡ್ಡೆ ಮುದ್ದೆಯ ಥರ ಅಂದುಕೊಳ್ಳೋಣ. ತಳದಲ್ಲಿ ಬೀಳೋ ಎಳೆತ ಒಂದು ಮಿತಿ ಮುಟ್ಟೋ ತನಕ ಅದು ಅಲ್ಲಾಡಲ್ಲ, ಮಿತಿ ಮುಟ್ಟಿದ ತಕ್ಷಣ ಜಾರುತ್ತೆ. ಆ ಮಿತಿ ಎಷ್ಟು? ಸುಮಾರು ಒಂದು ಬಾರ್. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆಜಿ ತೂಕದಷ್ಟು ಬಲ ಅಂದುಕೊಳ್ಳಿ. ಜಗತ್ತಿನ ಬಹಳಷ್ಟು ಹಿಮನದಿಗಳಲ್ಲಿ ಈ ಎಳೆತ ಅರ್ಧ ಬಾರ್‌ನಿಂದ ಒಂದೂವರೆ ಬಾರ್ ಒಳಗೇ ಸಿಗುತ್ತೆ.

ತಳದ ಮೇಲೆ ಬೀಳೋ ಎಳೆತ ಎರಡು ವಿಷಯದ ಮೇಲೆ ನಿಂತಿದೆ. ಮಂಜು ಎಷ್ಟು ದಪ್ಪ ಇದೆ, ಅದರ ಮೇಲ್ಮೈ ಎಷ್ಟು ಇಳಿಜಾರಾಗಿದೆ. ಎರಡನ್ನೂ ಗುಣಿಸಿ, ಜೊತೆಗೆ ಮಂಜಿನ ಸಾಂದ್ರತೆ ಮತ್ತು ಗುರುತ್ವ ಸೇರಿಸಿದ್ರೆ ಎಳೆತ ಸಿಗುತ್ತೆ. ಅದು ಒಂದು ಬಾರ್ ಅಂತ ಇಟ್ಟು ಲೆಕ್ಕ ಹಾಕಿದ್ರೆ ಸಮತಟ್ಟು ನೆಲದ ಮೇಲೆ ಒಂದು ಪುಟ್ಟ ನಿಯಮ ಉಳಿಯುತ್ತೆ:

ದಪ್ಪ × ಇಳಿಜಾರು = ಸುಮಾರು 11 ಮೀಟರ್.

ಇಷ್ಟೇ. ಇದನ್ನ ಬಳಸಿ ನೋಡೋಣ. ಮಂಜು 11 ಮೀಟರ್ ದಪ್ಪ ಇರೋ ಕಡೆ ಇಳಿಜಾರು 1 ಬರಬೇಕು. ಅಂದ್ರೆ ಒಂದು ಮೀಟರ್ ಒಳಗೆ ಹೋದ್ರೆ ಒಂದು ಮೀಟರ್ ಏರಬೇಕು, 45 ಡಿಗ್ರಿ. 110 ಮೀಟರ್ ದಪ್ಪ ಇದ್ರೆ ಇಳಿಜಾರು ಹತ್ತರಲ್ಲಿ ಒಂದು. 1,100 ಮೀಟರ್ ಇದ್ರೆ ನೂರರಲ್ಲಿ ಒಂದು, ನಡೀತಾ ಇದ್ರೆ ಏರ್ತಾ ಇದ್ದೀವಿ ಅಂತಾನೇ ಗೊತ್ತಾಗಲ್ಲ.

ಅಂಚು ಕಡಿದಾಗಿ, ಒಳಭಾಗ ಚಪ್ಪಟೆಯಾಗಿ ಇರೋದು ಇದಕ್ಕೇ. ತೆಳು ಮಂಜಿಗೆ ಭಾರ ಸಾಲಲ್ಲ, ಅದಕ್ಕೆ ಇಳಿಜಾರು ಜಾಸ್ತಿ ಬೇಕು. ದಪ್ಪ ಮಂಜಿಗೆ ತನ್ನ ಭಾರವೇ ಸಾಕು.

ಡ್ರಿಲ್ ಇಲ್ಲದೆ ಮೂರು ಕಿಲೋಮೀಟರ್

ಈ ನಿಯಮವನ್ನ ಅಂಚಿನಿಂದ ಒಳಗೆ ಹೆಜ್ಜೆ ಹೆಜ್ಜೆಗೂ ಕೂಡಿಸ್ತಾ ಹೋದ್ರೆ ಒಂದು ಪೂರ್ತಿ ಆಕಾರ ಸಿಗುತ್ತೆ, ಪರವಲಯ. ಸ್ಕೂಲಲ್ಲಿ ಪ್ಯಾರಾಬೋಲಾ ಅಂತ ಬರೆದಿದ್ದೀವಲ್ಲ, ಅದೇ ಕಮಾನು, ಮಲಗಿಸಿದ್ದು. ಸೂತ್ರ ಹೀಗೆ: ಅಂಚಿನಿಂದ ಎಷ್ಟು ಮೀಟರ್ ಒಳಗೆ ಇದ್ದೀರೋ ಅದನ್ನ 22ರಿಂದ ಗುಣಿಸಿ, ವರ್ಗಮೂಲ ತೆಗೀರಿ. ಅದು ಅಲ್ಲಿನ ದಪ್ಪ.

ಕ್ಯಾಲ್ಕುಲೇಟರ್ ತೆಗೀರಿ. 100 ಮೀಟರ್ ಒಳಗೆ? 47 ಮೀಟರ್ ದಪ್ಪ. 1 ಕಿಲೋಮೀಟರ್ ಒಳಗೆ? ಸುಮಾರು 148. 10 ಕಿಲೋಮೀಟರ್ ಒಳಗೆ? ಸುಮಾರು 470. 400 ಕಿಲೋಮೀಟರ್ ಒಳಗೆ? ಸುಮಾರು 2,970 ಮೀಟರ್, ಹತ್ತಿರ ಹತ್ತಿರ ಮೂರು ಕಿಲೋಮೀಟರ್.

ನಿಜ ಎಷ್ಟು? ಗ್ರೀನ್‌ಲ್ಯಾಂಡ್ ಹಿಮಹೊದಿಕೆಯ ನೆತ್ತಿ ಅಂಚಿನಿಂದ ಸರಿಸುಮಾರು 400 ಕಿಲೋಮೀಟರ್ ಒಳಗಿದೆ. ಅಲ್ಲಿ 1993ರಲ್ಲಿ ಅಮೆರಿಕದ ತಂಡ ಕೊರೆದು ಕೊರೆದು ಬಂಡೆ ಮುಟ್ಟಿದಾಗ ಆಳ 3,053 ಮೀಟರ್ ಇತ್ತು. ಗ್ರೀನ್‌ಲ್ಯಾಂಡ್ ನೆಲ ಸಮತಟ್ಟಲ್ಲ, ಹವಾಮಾನ ಎಲ್ಲ ಕಡೆ ಒಂದೇ ಅಲ್ಲ. ಹಾಗಿದ್ರೂ ಮುದ್ದೆಯ ಊಹೆ, 11 ಅನ್ನೋ ಒಂದು ಸಂಖ್ಯೆ, ಒಂದು ವರ್ಗಮೂಲ, ಇಷ್ಟರಲ್ಲೇ ಉತ್ತರ ಇಷ್ಟು ಹತ್ತಿರ ಬಂತು. ಇದು ಮೊದಲ ಸಲ ಲೆಕ್ಕ ಹಾಕಿದಾಗ ನಾನು ಎರಡು ಸಲ ಚೆಕ್ ಮಾಡಿದೆ.

ಗೋಡೌನ್ ಲೆಕ್ಕ

ಆದ್ರೆ ನೈ ಅವರ ಕಮಾನು ಒಂದು ವಿಷಯ ಹೇಳಲ್ಲ. ಅಂಚಿನಿಂದ ಶುರು ಮಾಡಿದ್ರೆ ಒಳಗಿನ ಆಕಾರ ಹೇಳುತ್ತೆ. ಅಂಚು ಎಲ್ಲಿದೆ ಅಂತ ಮಾತ್ರ ನಾವೇ ಹೇಳಬೇಕು. ನಮಗೆ ಬೇಕಾಗಿರೋದು ಅದೇ ಅಲ್ವಾ?

ಇಲ್ಲಿ ನನ್ನ ಕಾಮರ್ಸ್ ಕೆಲಸಕ್ಕೆ ಬರುತ್ತೆ. ಹಿಮನದಿಯನ್ನ ಸಾಲಾಗಿ ಇರೋ ಗೋಡೌನ್‌ಗಳು ಅಂತ ಯೋಚಿಸಿ. ಎತ್ತರದ ಗೋಡೌನ್‌ಗಳಿಗೆ ಪ್ರತಿ ವರ್ಷ ಹೊಸ ಸ್ಟಾಕ್ ಬರುತ್ತೆ, ಅದು ಬೀಳೋ ಹಿಮ. ಕೆಳಗಿನ ಗೋಡೌನ್‌ಗಳಲ್ಲಿ ಪ್ರತಿ ವರ್ಷ ಮಾಲು ಖಾಲಿಯಾಗುತ್ತೆ, ಅದು ಕರಗೋದು. ಮೇಲಿಂದ ಕೆಳಕ್ಕೆ ಟ್ರಾನ್ಸ್‌ಫರ್ ನಡೀತಾನೇ ಇರುತ್ತೆ, ಅದು ಹರಿವು. ಪ್ರತಿ ಗೋಡೌನಿಗೂ ಆರಂಭದ ಸ್ಟಾಕ್, ಬಂದದ್ದು, ಹೋದದ್ದು, ವರ್ಷದ ಕೊನೆಯ ಸ್ಟಾಕ್. ಹಿಮನದಿಯ ಗಣಿತ ಮಾಡೆಲ್ ಅಂದ್ರೆ ಮೂಲತಃ ಇದೇ ಲೆಡ್ಜರ್.

ಟ್ರಾನ್ಸ್‌ಫರ್ ಎಷ್ಟು ಆಗುತ್ತೆ ಅನ್ನೋ ರೂಲ್ ಸಿಕ್ಕಿದ್ದು ಇನ್ನೊಬ್ಬ ಜಾನ್‌ನಿಂದ. ಜಾನ್ ಗ್ಲೆನ್ 1950ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಂಜುಗಡ್ಡೆಯ ಮೇಲೆ ಭಾರ ಹೇರಿ ಅದು ಎಷ್ಟು ವೇಗವಾಗಿ ಆಕಾರ ಬದಲಿಸುತ್ತೆ ಅಂತ ಅಳೆದರು. ಎಳೆತ ಎರಡು ಪಟ್ಟು ಆದ್ರೆ ವೇಗ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು. ಅಂದ್ರೆ ಎಳೆತದ ಘನಕ್ಕೆ ತಕ್ಕಂತೆ. ಮುದ್ದೆಯ ಊಹೆ ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡ್ತು ಅನ್ನೋದೂ ಇದರಿಂದ ಗೊತ್ತಾಗುತ್ತೆ. ಎಳೆತ ಸ್ವಲ್ಪ ಹೆಚ್ಚಾದ್ರೂ ಮಂಜು ಜೋರಾಗಿ ಹರಿದು ತೆಳುವಾಗುತ್ತೆ, ಎಳೆತ ಮತ್ತೆ ಇಳಿಯುತ್ತೆ. ಅದಕ್ಕೇ ಅದು ಒಂದು ಬಾರ್ ಆಸುಪಾಸಲ್ಲೇ ಸುಳಿದಾಡುತ್ತೆ.

ಈಗ ಅಂಚು. ಗೋಡೌನ್‌ಗೆ ಒಂದು ನಿಯಮ ಇದೆ, ಸ್ಟಾಕ್ ಸೊನ್ನೆಗಿಂತ ಕೆಳಗೆ ಹೋಗೋ ಹಾಗಿಲ್ಲ. ಮೈನಸ್ 20 ಮೀಟರ್ ಮಂಜು ಅನ್ನೋದು ಇಲ್ಲ. ಹಾಗಾಗಿ ಪ್ರತಿ ಜಾಗದಲ್ಲೂ ಎರಡೇ ಸಾಧ್ಯತೆ. ಒಂದೋ ಮಂಜು ಇದೆ, ಲೆಡ್ಜರ್ ಸರಿಯಾಗಿ ಕೂಡುತ್ತೆ. ಇಲ್ಲಾ ಮಂಜು ಇಲ್ಲ, ಅಲ್ಲಿ ಬಿಸಿಲು ಕೇಳ್ತಾ ಇರೋ ಮಾಲು ಪೂರೈಸೋಕೆ ಸ್ಟಾಕೇ ಇಲ್ಲ. ಈ ಎರಡು ಸ್ಥಿತಿಗಳ ನಡುವಿನ ಗೆರೆಯೇ ಹಿಮನದಿಯ ಅಂಚು.

ಗಮನಿಸಿ, ಆ ಗೆರೆಯನ್ನ ನಾವು ಎಳೀಲಿಲ್ಲ. ಅದು ಲೆಕ್ಕದಿಂದ ತಾನಾಗೇ ಹೊರಗೆ ಬಂತು. ಗಣಿತದಲ್ಲಿ ಇಂಥದ್ದಕ್ಕೆ ಮುಕ್ತ ಗಡಿ ಸಮಸ್ಯೆ ಅಂತಾರೆ. ಗಿಯೋಮ್ ಜುವೆ ಮತ್ತು ಎಡ್ ಬ್ಯೂಲರ್ ಅನ್ನೋ ಇಬ್ಬರು ಗಣಿತಜ್ಞರು 2012ರಲ್ಲಿ ಹಿಮಹೊದಿಕೆಗಳನ್ನ ಇದೇ ರೀತಿ, ನೆಲ ಅನ್ನೋ ಅಡ್ಡಿಯ ಮೇಲೆ ಕೂತ ಒಂದು ಮೇಲ್ಮೈಯಾಗಿ ಬರೆದು ತೋರಿಸಿದರು. ನಾನು ಅದನ್ನ ಹೀಗೆ ನೆನಪಿಟ್ಟುಕೊಂಡಿದ್ದೀನಿ: ಅಂಚು ಅನ್ನೋದು ಇನ್‌ಪುಟ್ ಅಲ್ಲ, ಔಟ್‌ಪುಟ್. ಬ್ಯಾಲೆನ್ಸ್ ಶೀಟಿನ ಕೊನೆ ಸಾಲಿನ ಹಾಗೆ.

ಕಂಪ್ಯೂಟರ್ ತಡವರಿಸೋದು ಇಲ್ಲೇ

ಹಾಗಾದ್ರೆ ಕಂಪ್ಯೂಟರಿಗೆ ಹಾಕಿದ್ರೆ ಆಯ್ತಲ್ಲ? ಅಷ್ಟು ಸುಲಭ ಇಲ್ಲ. 11ರ ನಿಯಮಕ್ಕೆ ವಾಪಸ್ ಬನ್ನಿ. ದಪ್ಪ ಸೊನ್ನೆ ಆದ್ರೆ ಇಳಿಜಾರು ಎಷ್ಟಿರಬೇಕು? ಅನಂತ. ಸೂತ್ರದ ಪ್ರಕಾರ ಅಂಚಿನ ಕೊನೇ ಬಿಂದುವಿನಲ್ಲಿ ಮಂಜು ನೇರ ಗೋಡೆಯ ಹಾಗೆ ನಿಂತಿರುತ್ತೆ. ಕಂಪ್ಯೂಟರ್ ಅನಂತ ಅನ್ನೋದನ್ನ ಇಷ್ಟಪಡಲ್ಲ.

ದೊಡ್ಡ ಹಿಮಹೊದಿಕೆಯ ಮಾಡೆಲಿನಲ್ಲಿ ನಕ್ಷೆಯನ್ನ 10 ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿದ್ರು ಅಂತ ಇಟ್ಕೊಳ್ಳಿ. ಒಂದು ಚೌಕದಲ್ಲಿ ದಪ್ಪ ಸೊನ್ನೆ, ಪಕ್ಕದ್ದರಲ್ಲಿ 470 ಮೀಟರ್. ನಡುವೆ ಏನಾಯ್ತು ಅಂತ ಮಾಡೆಲಿಗೆ ಗೊತ್ತಿಲ್ಲ. ತಳ ಜಾರದೆ ಮಂಜು ಬರೀ ಆಕಾರ ಬದಲಿಸಿ ಹರಿಯುವಾಗ, ಹರಿವು ದಪ್ಪದ ಐದನೇ ಘಾತಕ್ಕೆ ತಕ್ಕಂತೆ ಏರುತ್ತೆ. ದಪ್ಪದಲ್ಲಿ ಶೇ. 10ರಷ್ಟು ಹೆಚ್ಚು ಲೆಕ್ಕ ಹಾಕಿದ್ರೆ ಹರಿವು ಶೇ. 61 ಹೆಚ್ಚಾಗಿ ಬರುತ್ತೆ. 1.1 ಅನ್ನ ಐದು ಸಲ ಗುಣಿಸಿ ನೋಡಿ. ಅಂಚಿನಲ್ಲಿ ಆದ ಸಣ್ಣ ತಪ್ಪು ಒಳಗಿನ ಲೆಕ್ಕವನ್ನೂ ಕೆಡಿಸುತ್ತೆ.

ಇದಕ್ಕೆ ಒಂದು ಜಾಣ ಉಪಾಯ ಇದೆ. ದಪ್ಪದ ಬದಲು ದಪ್ಪದ ವರ್ಗವನ್ನ ಲೆಕ್ಕ ಹಾಕಿ. ದಪ್ಪ ವರ್ಗಮೂಲದ ಹಾಗೆ ಏರ್ತಾ ಇದ್ರೆ, ಅದರ ವರ್ಗ ಸೀದಾ ಗೆರೆ! ಅನಂತ ಮಾಯ. ನಿಜವಾದ ಮಾಡೆಲ್‌ಗಳಲ್ಲಿ ವರ್ಗದ ಬದಲು ಬೇರೆ ಘಾತ ಬರಬಹುದು, ಆದ್ರೆ ಐಡಿಯಾ ಇದೇ. ಇನ್ನೊಂದು ದಾರಿ ಅಂದ್ರೆ ಅಂಚಿನ ಹತ್ತಿರ ಮಾತ್ರ ಚೌಕಗಳನ್ನ ಚಿಕ್ಕದು ಮಾಡೋದು, ಫೋಟೋದಲ್ಲಿ ಬೇಕಾದ ಕಡೆ ಜೂಮ್ ಮಾಡೋ ಹಾಗೆ.

ಬೆಂಗಳೂರಿನಿಂದ ಗಂಗೋತ್ರಿಗೆ

ಇಷ್ಟೊತ್ತು ಸಮತಟ್ಟು ನೆಲದ ಮಾತಾಡಿದ್ವಿ. ಹಿಮಾಲಯದಲ್ಲಿ ಹಿಮನದಿ ಕಣಿವೆಯೊಳಗೆ ನಾಲಿಗೆ ಚಾಚಿದ ಹಾಗೆ ಇರುತ್ತೆ. ನೆಲವೇ ಇಳಿಜಾರು, ಎರಡೂ ಕಡೆ ಕಣಿವೆಯ ಗೋಡೆ ಹಿಡ್ಕೊಂಡಿರುತ್ತೆ. ನಾಲಿಗೆಯ ತುದಿಗೆ ಮೂತಿ ಅಂತ ಕರೀತಾರೆ. ಗಂಗೋತ್ರಿ ಹಿಮನದಿಯ ಮೂತಿಯೇ ಗೋಮುಖ. ಚಾರ್‌ಧಾಮ್‌ಗೆ, ಟ್ರೆಕ್ಕಿಂಗ್‌ಗೆ ಹೋದವರು ನಿಮ್ಮ ಮನೆಯಲ್ಲೂ ಇರಬಹುದು.

ಗಂಗೋತ್ರಿಯ ದಪ್ಪ ಎಷ್ಟು? ಸುಮಾರು 30 ಕಿಲೋಮೀಟರ್ ಉದ್ದದ ಹಿಮನದಿಯನ್ನ ಉದ್ದಕ್ಕೂ ಕೊರೆದು ನೋಡೋದು ಆಗದ ಮಾತು. ಬೆಂಗಳೂರಿನ ಐಐಎಸ್‌ಸಿಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ಪ್ರತೀಕ್ ಗಂತಾಯತ್, ಅನಿಲ್ ಕುಲಕರ್ಣಿ ಮತ್ತು ಜೆ. ಶ್ರೀನಿವಾಸನ್ 2014ರಲ್ಲಿ ಇದನ್ನ ಲೆಕ್ಕದಿಂದಲೇ ಹಿಡಿದರು. ಲ್ಯಾಂಡ್‌ಸ್ಯಾಟ್ ಉಪಗ್ರಹದ ಬೇರೆ ಬೇರೆ ಸಮಯದ ಚಿತ್ರಗಳನ್ನ ಹೋಲಿಸಿ ಮೇಲ್ಮೈ ಎಷ್ಟು ವೇಗವಾಗಿ ಸರಿಯುತ್ತೆ ಅಂತ ಕಂಡುಹಿಡಿದರು. ವೇಗ ಗೊತ್ತು, ಇಳಿಜಾರು ಗೊತ್ತು, ಹರಿವಿನ ನಿಯಮ ಗೊತ್ತು. ಉಳಿದಿದ್ದು ದಪ್ಪ ಒಂದೇ. ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ಮೂತಿಯ ಹತ್ತಿರ 50ರಿಂದ 60 ಮೀಟರ್, ಒಟ್ಟು ಗಾತ್ರ ಸುಮಾರು 23 ಘನ ಕಿಲೋಮೀಟರ್ ಅಂತ ಉತ್ತರ ಬಂತು.

ಇಂಥ ಸಂಖ್ಯೆ ಕೈಯಲ್ಲಿದ್ರೆ ಏನು ಲಾಭ? 2007ರ ಐಪಿಸಿಸಿ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯ ಆಗಬಹುದು ಅನ್ನೋ ಸಾಲು ಇತ್ತು. 2010ರಲ್ಲಿ ಅದಕ್ಕೆ ಸರಿಯಾದ ಆಧಾರ ಇಲ್ಲ ಅಂತ ಐಪಿಸಿಸಿಯೇ ಒಪ್ಪಿಕೊಂಡಿತು. ಈಗ ನೀವೇ ಚೆಕ್ ಮಾಡಬಹುದು. 540 ಮೀಟರ್ ಭಾಗಿಸು 28 ವರ್ಷ, ವರ್ಷಕ್ಕೆ 19 ಮೀಟರಿಗಿಂತ ಹೆಚ್ಚು ಕರಗಬೇಕು. ಅದೂ ಎತ್ತರದ ಭಾಗದಲ್ಲಿ, ಹಿಮ ಕರಗೋದಕ್ಕಿಂತ ಸೇರೋದೇ ಹೆಚ್ಚಾಗಿರೋ ಜಾಗದಲ್ಲಿ. ಹಿಮನದಿಗಳು ಕುಗ್ತಾ ಇವೆ ಅನ್ನೋದು ನಿಜ. ಆ ದಿನಾಂಕ ಮಾತ್ರ ಲೆಕ್ಕಕ್ಕೆ ನಿಲ್ಲಲ್ಲ. ಆ ಒಂದು ಸಾಲನ್ನ ಹಿಡ್ಕೊಂಡು 'ಹವಾಮಾನ ಬದಲಾವಣೆನೇ ಸುಳ್ಳು' ಅಂದೋರಿಗೂ ಇದೇ ಉತ್ತರ: ಲೆಕ್ಕ ನೋಡಿ.

ಅಂಚು ತಡವಾಗಿ ಮಾತಾಡುತ್ತೆ

ಈಗ ಇವತ್ತಿನ ಮುಖ್ಯ ಮಾತಿಗೆ ಬರ್ತೀನಿ. ಹವಾಮಾನ ಬದಲಾದ ತಕ್ಷಣ ಅಂಚು ಸರಿಯಲ್ಲ. ಮೊದಲು ಸ್ಟಾಕ್ ಕಡಿಮೆ ಆಗಬೇಕು, ಆಮೇಲೆ ಟ್ರಾನ್ಸ್‌ಫರ್ ಕಡಿಮೆ ಆಗಬೇಕು, ಕೊನೆಗೆ ಕೊನೇ ಗೋಡೌನ್ ಖಾಲಿ ಆಗಬೇಕು. ಇದಕ್ಕೆ ಎಷ್ಟು ಕಾಲ? 1989ರಲ್ಲಿ ಯೋಹಾನೆಸ್ಸನ್, ರೇಮಂಡ್ ಮತ್ತು ವಾಡಿಂಗ್ಟನ್ ಒಂದು ಸರಳ ಅಂದಾಜು ಕೊಟ್ಟರು. ಹಿಮನದಿಯ ದಪ್ಪವನ್ನ ಮೂತಿಯ ಹತ್ತಿರ ವರ್ಷಕ್ಕೆ ಎಷ್ಟು ಕರಗುತ್ತೆ ಅನ್ನೋದರಿಂದ ಭಾಗಿಸಿ. 200 ಮೀಟರ್ ದಪ್ಪ, ವರ್ಷಕ್ಕೆ 5 ಮೀಟರ್ ಕರಗೋದು ಅಂತ ಇಟ್ರೆ 40 ವರ್ಷ.

ಅಂದ್ರೆ ಇವತ್ತು ನಾವು ನೋಡ್ತಾ ಇರೋ ಅಂಚು ಹಲವು ದಶಕದ ಹಿಂದಿನ ಹವಾಮಾನಕ್ಕೆ ಇನ್ನೂ ಉತ್ತರ ಕೊಡ್ತಾ ಇದೆ. ಹಳೇ ವರ್ಷದ ಆಡಿಟ್ ರಿಪೋರ್ಟ್ ಈಗ ಕೈಗೆ ಬಂದ ಹಾಗೆ. ತಾಪಮಾನ ಇವತ್ತೇ ಏರೋದು ನಿಂತ್ರೂ ಅಂಚು ಇನ್ನೂ ಎಷ್ಟೋ ವರ್ಷ ಹಿಂದೆ ಸರೀತಾನೇ ಇರುತ್ತೆ.

ಇನ್ನೊಂದು ತೊಡಕಿದೆ. ಹಿಮಾಲಯದ ಎಷ್ಟೋ ಹಿಮನದಿಗಳ ಕೆಳಭಾಗ ಕಲ್ಲುಮಣ್ಣಿನಿಂದ ಮುಚ್ಚಿರುತ್ತೆ. ದಪ್ಪಗೆ ಕಲ್ಲು ಹೊದ್ದ ಮಂಜು ನಿಧಾನವಾಗಿ ಕರಗುತ್ತೆ. ಹಾಗಾಗಿ ಮೂತಿ ಇದ್ದ ಜಾಗದಲ್ಲೇ ಇದ್ರೂ ಹಿಮನದಿ ಮೇಲಿಂದ ತೆಳುವಾಗ್ತಾ ಇರಬಹುದು. ಅಂಗಡಿ ಬೋರ್ಡು ಅಲ್ಲೇ ಇದೆ, ಒಳಗೆ ಶೆಲ್ಫ್ ಖಾಲಿ. 'ಮೂತಿ ಸರಿದಿಲ್ಲ, ಎಲ್ಲ ಚೆನ್ನಾಗಿದೆ' ಅನ್ನೋ ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ದಪ್ಪ ಎಷ್ಟು ಕಡಿಮೆ ಆಗಿದೆ?

ಅಂಚಿನ ಮುಂದೆ ನೀರು ನಿಂತಾಗ

ಇದು ಬರೀ ಲೆಕ್ಕದ ಖುಷಿಯ ವಿಷಯ ಅಲ್ಲ. ಹಿಮನದಿ ಸಾವಿರಾರು ವರ್ಷ ತನ್ನ ಕೆಳಗಿನ ನೆಲವನ್ನ ಕೆರೆದು ಬೋಗುಣಿ ಮಾಡಿರುತ್ತೆ, ತುದಿಯಲ್ಲಿ ಕಲ್ಲುಮಣ್ಣಿನ ದಿಬ್ಬ ಕಟ್ಟಿರುತ್ತೆ. ಅದಕ್ಕೆ ಮೊರೇನ್ ಅಂತಾರೆ. ಅಂಚು ಹಿಂದೆ ಸರಿದಾಗ ಆ ಬೋಗುಣಿಯಲ್ಲಿ ನೀರು ತುಂಬಿ ಕೆರೆ ಆಗುತ್ತೆ. ಅಲ್ಲಿಂದ ಅಂಚಿನ ರೂಲ್ ಪೂರ್ತಿ ಬದಲು. ಮಂಜು ನೀರಿಗಿಂತ ಹಗುರ. 100 ಮೀಟರ್ ಆಳದ ನೀರಿನಲ್ಲಿ ಮಂಜು ಸುಮಾರು 109 ಮೀಟರಿಗಿಂತ ತೆಳುವಾದ್ರೆ ತೇಲೋಕೆ ಶುರು ಮಾಡುತ್ತೆ. ತುದಿ ಒಡೆದು ತುಂಡು ತುಂಡಾಗಿ ಬೀಳುತ್ತೆ. ನೈ ಅವರ ನಯವಾದ ಕಮಾನು ಇಲ್ಲಿ ನಡೆಯಲ್ಲ, ಒಡೆಯೋದಕ್ಕೇ ಬೇರೆ ಸೂತ್ರ ಬೇಕು. ಕರಗೋದರ ಜೊತೆ ಒಡೆಯೋದೂ ಸೇರಿ ಅಂಚು ಇನ್ನೂ ಬೇಗ ಹಿಂದೆ ಹೋಗುತ್ತೆ, ಕೆರೆ ಇನ್ನೂ ದೊಡ್ಡದಾಗುತ್ತೆ.

ಸಿಕ್ಕಿಂನ ದಕ್ಷಿಣ ಲೋನಾಕ್‌ನಲ್ಲಿ ಹೀಗೇ ಕೆರೆ ಬೆಳೆದಿತ್ತು. ಆ ಕೆರೆ ಒಡೆದ್ರೆ ಏನಾಗಬಹುದು ಅಂತ 2021ರಲ್ಲೇ ಒಂದು ಅಧ್ಯಯನ ಪ್ರಕಟವಾಗಿತ್ತು, ಅದರಲ್ಲಿ ದಿವೇಚಾ ಕೇಂದ್ರದವರೂ ಇದ್ದರು. 2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ಮೊರೇನ್‌ನ ದೊಡ್ಡ ಭಾಗ ಕುಸಿದು ಕೆರೆಗೆ ಬಿತ್ತು. ಎದ್ದ ಅಲೆ ತಡೆದಿಬ್ಬವನ್ನ ಒಡೆಯಿತು. ಇಸ್ರೋ ಉಪಗ್ರಹ ಚಿತ್ರಗಳ ಪ್ರಕಾರ ಸೆಪ್ಟೆಂಬರ್ 28ಕ್ಕೆ ಸುಮಾರು 167 ಹೆಕ್ಟೇರ್ ಇದ್ದ ಕೆರೆ ಅಕ್ಟೋಬರ್ 4ಕ್ಕೆ ಸುಮಾರು 60 ಹೆಕ್ಟೇರ್. ತೀಸ್ತಾ ನದಿಯ ಪ್ರವಾಹ ಚುಂಗ್‌ಥಾಂಗ್‌ನಲ್ಲಿ 1,200 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯ್ತು. ಐವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಇನ್ನೂ ಹಲವರು ನಾಪತ್ತೆಯಾದರು.

ಆ ರಾತ್ರಿ ಯಾವುದು ಅಂತ ಯಾವ ಮಾಡೆಲೂ ಹೇಳಲ್ಲ. ಆದ್ರೆ ಮೇಲ್ಮೈಯ ಎತ್ತರದಿಂದ ದಪ್ಪವನ್ನ ಕಳೆದ್ರೆ ಮಂಜಿನ ಕೆಳಗಿನ ನೆಲದ ನಕ್ಷೆ ಸಿಗುತ್ತೆ. ಬೋಗುಣಿಗಳು ಎಲ್ಲಿವೆ ಅಂತ ಕಾಣುತ್ತೆ. ಅಂಚು ಯಾವಾಗ ಅಲ್ಲಿಗೆ ತಲುಪಬಹುದು ಅಂತ ಅಂದಾಜು ಮಾಡಬಹುದು. ಅಂದ್ರೆ ಇನ್ನೂ ಹುಟ್ಟದ ಕೆರೆಯ ವಿಳಾಸ ಮೊದಲೇ ಬರೆದಿಟ್ಟುಕೊಳ್ಳಬಹುದು. ಕೆಳಗೆ ಅಣೆಕಟ್ಟು ಎಲ್ಲಿ ಕಟ್ಟಬೇಕು, ಊರಿಗೆ ಸೈರನ್ ಎಲ್ಲಿ ಹಾಕಬೇಕು ಅನ್ನೋ ನಿರ್ಧಾರಕ್ಕೆ ಬೇಕಾಗಿರೋದು ಈ ವಿಳಾಸವೇ. ಲೆಕ್ಕ ಮಾಡೋರು ಎಷ್ಟೇ ಚೆನ್ನಾಗಿ ಮಾಡಿದ್ರೂ, ಅದನ್ನ ಓದಿ ಕೆಲಸ ಮಾಡೋರು ಇಲ್ಲದೆ ಇದ್ರೆ ಅದು ಫೈಲಲ್ಲೇ ಉಳಿಯುತ್ತೆ.

ಹಾಗಾಗಿ ಮುಂದಿನ ಸಲ 'ಇಷ್ಟು ಮೀಟರ್ ಹಿಂದೆ ಸರಿದಿದೆ' ಅನ್ನೋ ಹೆಡ್‌ಲೈನ್ ಬಂದಾಗ ಸ್ವೈಪ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ದಪ್ಪ ಎಷ್ಟು ಇಳಿದಿದೆ? ಈ ಅಂಚು ಎಷ್ಟು ವರ್ಷದ ಹಿಂದಿನ ಹವಾಮಾನದ ಉತ್ತರ? ಅಂಚಿನ ಮುಂದೆ ಈಗ ಇರೋದು ಕಲ್ಲಾ, ನೀರಾ? ಸುದ್ದಿಯಲ್ಲಿ ಈ ಮೂರಕ್ಕೂ ಉತ್ತರ ಇದ್ರೆ ಅದು ಒಳ್ಳೇ ಸುದ್ದಿಬರಹ. ಇಲ್ಲದಿದ್ರೆ ನಿಮಗೆ ಸಿಕ್ಕಿರೋದು ಬ್ಯಾಲೆನ್ಸ್ ಶೀಟಿನ ಕೊನೇ ಸಾಲು ಮಾತ್ರ.

ಇವತ್ತಿಗೆ ಇಷ್ಟು. 22ರ ವರ್ಗಮೂಲದ ಆಟ ನಿಮ್ಮ ಫ್ರೆಂಡ್ಸ್‌ಗೂ ತೋರಿಸಿ.